ತೊಟ್ಟಿಕ್ಕುವ ನಲ್ಲಿಯನ್ನು ಬೈಯಬೇಡಿ

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಅಮೆರಿಕದ ಡಲ್ಲಾಸ್ ಹತ್ತಿರ ಬಂದಿದ್ದೇನೆ. ಮೊನ್ನೆ ಚಳಿ ಜೋರಾಗುತ್ತದೆ ಎಂದು ಅಳಿಯಂದಿರು ಮಲಗುವ ಮುಂಚೆ ಅಡುಗೆಮನೆಯದು, ಬಚ್ಚಲಿನದು ಎಲ್ಲ ನಲ್ಲಿಗಳನ್ನೂ ಹನಿ ಬೀಳುವಷ್ಟು ಬಿಟ್ಟು, ಸಿಂಕಿನ ಕೆಳಗಿನ ಬಾಗಿಲುಗಳನ್ನು ಹಾರುಹೊಡೆದಿಟ್ಟರು. ನಾನು ನಡುರಾತ್ರಿ ಎದ್ದವಳು ಅಭ್ಯಾಸಬಲದಿಂದ ಎಲ್ಲವನ್ನೂ ಬಿಗಿಯಾಗಿ ಬಂದ್ ಮಾಡಿ ಬಂದೆ. ಬೆಳಗ್ಗೆ ಮಗಳು "ಅಮ್ಮಾ, ಎಂಥ ಕೆಲಸ ಮಾಡಿದೆ! ಪೈಪು ಒಡೆದಿದ್ದರೆ?" ಎಂದಳು. ನೀರು ಪೋಲು ಮಾಡಿದರೆ ಪೈಪು ಉಳಿಯುವುದು ಹೇಗೆ? ಇದರಲ್ಲಿ ನಿಜವೆಷ್ಟು?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಅಳಿಯಂದಿರು ಮಾಡಿದ್ದೇ ಸರಿ, ಅಮ್ಮ. ಹಾಗಂತ ನಿಮ್ಮ ಕೈ ತಾನಾಗಿ ನಲ್ಲಿಯ ಕಡೆ ಹೋದದ್ದಕ್ಕೆ ನಿಮ್ಮನ್ನು ದೂರುವ ಹಾಗೂ ಇಲ್ಲ. ನೀರು ಯಾವ ದಿನ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಎಂದು ಲೆಕ್ಕ ಹಾಕಿ, ಕೊಡ, ಹಂಡೆ, ಡ್ರಮ್ಮು ತುಂಬಿಸಿಕೊಂಡು ಸಂಸಾರ ಮಾಡಿದವರಿಗೆ ತೊಟ್ಟಿಕ್ಕುವ ಸದ್ದು ಕಿವಿಗೆ ಬಿದ್ದರೆ ನಿದ್ದೆ ಹತ್ತುವುದಿಲ್ಲ. ನನ್ನ ತಾಯಿಯಂತೂ ನೆಂಟರ ಮನೆಗೆ ಹೋದರೂ ಅವರ ಬಚ್ಚಲಿನ ನಲ್ಲಿಗೆ ವಾಷರ್ ಹಾಕಿಸಿಯೇ ಬರುತ್ತಿದ್ದರು.

ಪೈಪಿನ ಸುದ್ದಿಗೆ ಬರುವ ಮುಂಚೆ ನಿಮ್ಮ ದಾವಣಗೆರೆಯ ಮನೆಯಲ್ಲೇ ಕಂಡಿರುವ ಎರಡು ಸಂಗತಿ ನೆನಪಿಸುತ್ತೇನೆ. ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿರುತ್ತದಲ್ಲ, ಅದರ ಮೇಲ್ಭಾಗ ಗಮನಿಸಿದ್ದೀರಾ? ನಡುವೆ ಸಣ್ಣ ಗುಳಿ ಬಿದ್ದಿರುತ್ತದೆ. ಗಟ್ಟಿಯಾಗುವಾಗ ಎಣ್ಣೆ ಕುಗ್ಗಿತು, ಅದಕ್ಕೇ ಗುಳಿ. ಇನ್ನು ಫ್ರೀಜರಿನ ಐಸ್ ಟ್ರೇ ನೋಡಿ. ನೀರು ಹಾಕುವಾಗ ಮಟ್ಟಸವಾಗಿದ್ದದ್ದು, ಗಡ್ಡೆಯಾದ ಮೇಲೆ ಪ್ರತಿ ಗುಂಡಿಯಲ್ಲೂ ನಡುವೆ ದಿಬ್ಬ ಎದ್ದಿರುತ್ತದೆ. ಲೋಕದ ಹೆಚ್ಚಿನ ವಸ್ತುಗಳು ಎಣ್ಣೆಯ ಜಾತಿಯವು, ಗಟ್ಟಿಯಾದರೆ ಕುಗ್ಗುತ್ತವೆ. ನೀರಿನದು ಉಲ್ಟಾ ಬುದ್ಧಿ. 4 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಯುತ್ತಾ ಎಲ್ಲರಂತೆ ಕುಗ್ಗಿ, ಅಲ್ಲಿಂದ ಕೆಳಗೆ ಹಿಗ್ಗಲು ಶುರುಮಾಡುತ್ತದೆ. ಸೊನ್ನೆಯಲ್ಲಿ ಹೆಪ್ಪುಗಟ್ಟುವಾಗ ಅದರ ಅಣುಗಳು ಒತ್ತೊತ್ತಾಗಿ ಕೂರದೆ, ಜೇನುಗೂಡಿನ ಹಾಗೆ ನಡುನಡುವೆ ಖಾಲಿ ಬಿಟ್ಟು ಆರುಮೂಲೆಯ ಜಾಲ ಕಟ್ಟಿಕೊಳ್ಳುತ್ತವೆ. ಒಂದು ಲೀಟರ್ ನೀರಿಗೆ ಮಂಜುಗಡ್ಡೆಯಾದ ಮೇಲೆ ಸುಮಾರು 1,090 ಮಿಲಿಲೀಟರಿನಷ್ಟು ಜಾಗ ಬೇಕು. ಸೋಡಾ ಬಾಟಲಿಯನ್ನು ಫ್ರೀಜರಿನಲ್ಲಿ ಮರೆತವರಿಗೆ ಆ 90 ಮಿಲಿಲೀಟರ್ ಏನು ಮಾಡಬಲ್ಲದೆಂದು ಗೊತ್ತು.

ಗಾಜು ಒಡೆಯುವುದೇನು ದೊಡ್ಡದಲ್ಲ ಎನ್ನುತ್ತೀರೇನೋ. 1784–85ರ ಚಳಿಗಾಲದಲ್ಲಿ ಕೆನಡಾದ ಕ್ವಿಬೆಕ್ ಊರಿನಲ್ಲಿ ಬ್ರಿಟಿಷ್ ಫಿರಂಗಿ ದಳದ ಮೇಜರ್ ಎಡ್ವರ್ಡ್ ವಿಲಿಯಮ್ಸ್ ಎಂಬಾತ ಒಂದು ತಮಾಷೆ ಮಾಡಿ ನೋಡಿದ. ಫಿರಂಗಿಯ ಟೊಳ್ಳು ಕಬ್ಬಿಣದ ಗುಂಡುಗಳಿಗೆ ಮದ್ದಿನ ಬದಲು ನೀರು ತುಂಬಿ, ಬಾಯಿಗೆ ಬೆಣೆ ಬಡಿದು, ರಾತ್ರಿ ಹೊರಗಿಟ್ಟ. ಕೆಲವು ಗುಂಡುಗಳ ಬೆಣೆ ಸಿಡಿದು ನೂರಾರು ಅಡಿ ದೂರ ಹೋಗಿ ಬಿತ್ತು. ಬೆಣೆ ಗಟ್ಟಿಯಾಗಿ ಕೂತಿದ್ದ ಗುಂಡುಗಳು ತಾವೇ ಬಿರಿದವು. ಹಾಗಿರುವಾಗ ನಿಮ್ಮ ಮಗಳ ಮನೆಯ ಬೆರಳುಗಾತ್ರದ ತಾಮ್ರದ ಪೈಪು ಯಾವ ಲೆಕ್ಕ?

ಇಷ್ಟು ಕೇಳಿದವರು, ಪೈಪಿನೊಳಗೆ ಎಲ್ಲಿ ಮಂಜುಗಡ್ಡೆ ಆಗುತ್ತದೋ ಅಲ್ಲೇ ಅದು ಒಡೆಯುತ್ತದೆ ಎಂದುಕೊಳ್ಳುತ್ತಾರೆ. ನಾನೂ ಬಹಳ ದಿನ ಹಾಗೇ ತಿಳಿದಿದ್ದೆ. 1990ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಬಿಲ್ಡಿಂಗ್ ರಿಸರ್ಚ್ ಕೌನ್ಸಿಲ್‌ನವರು ಬೇಕೆಂದೇ ಪೈಪುಗಳನ್ನು ಹೆಪ್ಪುಗಟ್ಟಿಸಿ, ಒಳಗಿನ ಒತ್ತಡ ಅಳೆದು ನೋಡಿದಾಗ ಕತೆ ಬೇರೆಯೇ ಇತ್ತು. ಪೈಪಿನ ಒಂದು ಕಡೆ, ಗೋಡೆಯ ಸಂದಿಯಿಂದ ಗಾಳಿ ನುಗ್ಗುವ ಜಾಗ ಅನ್ನಿ, ಅಲ್ಲಿ ಮಂಜು ಕಟ್ಟಿ ಬಿರಡೆಯ ಹಾಗೆ ಕೂರುತ್ತದೆ. ಅಷ್ಟಕ್ಕೇ ಏನೂ ಆಗುವುದಿಲ್ಲ. ಆದರೆ ಆ ಬಿರಡೆ ಪೈಪಿನ ಉದ್ದಕ್ಕೂ ಬೆಳೆಯುತ್ತಾ ಹೋಗುತ್ತದೆ. ಬೆಳೆದಷ್ಟೂ ಮುಂದಿನ ನೀರನ್ನು ತಳ್ಳುತ್ತದೆ. ಮುಂದೆ ಬಿಗಿಯಾಗಿ ಬಂದ್ ಮಾಡಿದ ನಲ್ಲಿ. ನೀರಿಗೆ ಹೋಗಲು ದಾರಿಯಿಲ್ಲ, ನೀರು ಅದುಮಿದರೆ ಅದುಮಿಸಿಕೊಳ್ಳುವ ಪದಾರ್ಥವೂ ಅಲ್ಲ. ಹೋಳಿಯಲ್ಲಿ ಮಕ್ಕಳು ಪಿಚಕಾರಿಗೆ ಬಣ್ಣ ತುಂಬಿ, ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಹಿಂದಿನಿಂದ ಬಲವಾಗಿ ದೂಡಿದರೆ ಏನಾಗುತ್ತದೆ? ಪಿಚಕಾರಿಯ ಯಾವುದೋ ಜಾಯಿಂಟು ಕಿತ್ತು ಬಣ್ಣ ಮೈಮೇಲೆ. ಇಲ್ಲಿ ದೂಡುವ ಕೋಲು ಮಂಜುಗಡ್ಡೆ, ಹೆಬ್ಬೆರಳು ನಲ್ಲಿ. ಪೈಪು ಬಿರಿಯುವುದು ಇವೆರಡರ ನಡುವೆ ಎಲ್ಲೋ ದುರ್ಬಲವಾಗಿರುವ ಕಡೆ. ಆ ಜಾಗದಲ್ಲಿ ಒಂದು ಚೂರು ಮಂಜೂ ಇರದೆ ಇರಬಹುದು.

ನೀವು ನಡುರಾತ್ರಿ ಮಾಡಿದ್ದು ಆ ಹೆಬ್ಬೆರಳನ್ನು ಒತ್ತಿಟ್ಟ ಕೆಲಸ. ನಲ್ಲಿ ಚೂರು ಸಡಿಲವಿದ್ದರೆ ಒಳಗೆ ಮಂಜು ಕಟ್ಟಿದರೂ ತಳ್ಳಿಸಿಕೊಂಡ ನೀರು ಹನಿಹನಿಯಾಗಿ ಹೊರಗೆ ಬೀಳುತ್ತದೆ, ಒತ್ತಡ ಏರುವುದಿಲ್ಲ. ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ ಎಂದು ಜನ ಹೇಳುವುದು ಅರ್ಧ ಸತ್ಯ. ನೆಲದಡಿಯಿಂದ ಬರುವ ನೀರು ಸ್ವಲ್ಪ ಬೆಚ್ಚಗಿರುವುದರಿಂದ ಹನಿ ಬೀಳುವಾಗ ಆ ಬಿಸಿಯೂ ಪೈಪಿಗೆ ಸಿಗುತ್ತದೆ, ನಿಜ. ಆದರೆ ಕಡುಚಳಿಯಲ್ಲಿ ತೊಟ್ಟಿಕ್ಕುವ ಪೈಪೂ ಹೆಪ್ಪುಗಟ್ಟೀತು. ಹೆಪ್ಪುಗಟ್ಟಿದರೂ ಒಡೆಯದೆ ಉಳಿಯುತ್ತದೆ, ಮುಖ್ಯ ಲಾಭ ಅದು.

ಹಾಗಾದರೆ ಎಷ್ಟು ಚಳಿಗೆ ಇದನ್ನು ಮಾಡಬೇಕು? ಅದೇ ಇಲಿನಾಯ್ ಅಧ್ಯಯನದಿಂದ ಬಂದ ಅಂದಾಜು, ಹೊರಗಿನ ಹವೆ 20 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದರೆ ಎಚ್ಚರವಾಗಬೇಕು. ನಮ್ಮ ಲೆಕ್ಕದಲ್ಲಿ ಮೈನಸ್ 7ರ ಸುಮಾರು. ಸೊನ್ನೆ ಮುಟ್ಟಿದ ಕೂಡಲೇ ಗಾಬರಿಯಾಗಿ ಮನೆಯ ನಲ್ಲಿಗಳನ್ನೆಲ್ಲ ಬಿಡುವ ಅಗತ್ಯವಿಲ್ಲ. ಜೋರು ಗಾಳಿಯಿದ್ದು ಗೋಡೆಯಲ್ಲಿ ಕಿಂಡಿಯಿದ್ದರೆ ಮಾತ್ರ ಇನ್ನೂ ಮೇಲಿನ ಹವೆಯಲ್ಲೇ ತೊಂದರೆ ಬರಬಹುದು. ಹೊರಗೋಡೆಗೆ ಅಂಟಿದ ನಲ್ಲಿಗಳು ಮತ್ತು ನೀರು ಒಳಬರುವ ಜಾಗದಿಂದ ಅತಿ ದೂರದ ನಲ್ಲಿ, ಇಷ್ಟು ತೊಟ್ಟಿಕ್ಕಿದರೆ ಸಾಕು. ಬಿಸಿನೀರಿನ ಕಡೆಯೂ ಬಿಡಬೇಕು. ಒಂದೇ ಹಿಡಿಯ ನಲ್ಲಿಯಾದರೆ ಹಿಡಿಯನ್ನು ನಡುವೆ ನಿಲ್ಲಿಸಿ. ಬಿಸಿನೀರಿನ ಪೈಪು ಹೇಗೆ ಹೆಪ್ಪುಗಟ್ಟುತ್ತದೆ ಎಂದು ಹುಬ್ಬೇರಿಸಬೇಡಿ. ಬಳಸದೆ ಬಿಟ್ಟ ರಾತ್ರಿ ಅದರಲ್ಲಿರುವುದೂ ಆರಿದ ನೀರೇ. ಕಾಯಿಸಿ ಆರಿದ ನೀರಿನ ಪೈಪುಗಳೇ ಹೆಚ್ಚು ಒಡೆಯುತ್ತವೆ ಎನ್ನುವುದು ಅಲ್ಲಿನ ಪ್ಲಂಬರುಗಳ ಹಳೆಯ ಮಾತು, ಅದರ ಕಾರಣ ಹುಡುಕುತ್ತಾ ಎಫ್. ಸಿ. ಬ್ರೌನ್ ಎಂಬ ಭೌತವಿಜ್ಞಾನಿ 1916ರಲ್ಲೇ ಒಂದು ಪ್ರಬಂಧ ಬರೆದಿದ್ದಾನೆ.

ಸಿಂಕಿನ ಕೆಳಗಿನ ಬಾಗಿಲು ತೆರೆದಿಡುವುದಕ್ಕೆ ಇಷ್ಟೆಲ್ಲ ವಿಜ್ಞಾನ ಬೇಕಿಲ್ಲ. ಆ ಕಪಾಟಿನ ಹಿಂದೆ ಹೊರಗೋಡೆ, ಮುಂದೆ ಮುಚ್ಚಿದ ಬಾಗಿಲು. ಮನೆಯ ಬಿಸಿ ಒಳಹೋಗದೆ ಪೈಪು ಒಬ್ಬಂಟಿಯಾಗಿ ಗಡಗಡ ನಡುಗುತ್ತಿರುತ್ತದೆ. ಬಾಗಿಲು ತೆರೆದರೆ ಅದೂ ಮನೆಯವರ ಜೊತೆ ಸೇರಿತು. ಒಂದೇ ಎಚ್ಚರಿಕೆ, ಅಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ಡು, ಫಿನಾಯಿಲಿನಂಥವು ಇರುತ್ತವೆ. ಅಂಬೆಗಾಲಿಡುವ ಮಗು ಇದ್ದರೆ ಎತ್ತಿ ಮೇಲಿಡಿ.

ಈಗ ನಿಮಗೆ ಇನ್ನೊಂದು ಅನುಮಾನ ಬಂದಿರಬೇಕು. ಅಮೆರಿಕದ ಉತ್ತರದ ಮಿನೆಸೋಟದಲ್ಲಿ ಡಲ್ಲಾಸಿಗಿಂತ ಎಷ್ಟೋ ಪಾಲು ಹೆಚ್ಚು ಚಳಿ. ಅಲ್ಲಿ ಇಡೀ ಚಳಿಗಾಲ ನಲ್ಲಿ ಬಿಟ್ಟುಕೊಂಡು ಕೂರುತ್ತಾರೆಯೇ? ಇಲ್ಲ. ಅಲ್ಲಿ ಮನೆ ಕಟ್ಟುವವರಿಗೆ ಚಳಿಯ ಜೊತೆ ಹಳೆಯ ಒಡನಾಟ. ಬೀದಿಯ ನೀರಿನ ಕೊಳವೆಯನ್ನು ಚಳಿ ಇಳಿಯದಷ್ಟು ಆಳಕ್ಕೆ, ಆಳುದ್ದಕ್ಕಿಂತ ಕೆಳಗೆ ಹೂಳುತ್ತಾರೆ. ಮನೆಯೊಳಗಿನ ಪೈಪು ನೆಲಮಾಳಿಗೆಯಿಂದ ಎದ್ದು ಒಳಗೋಡೆಗಳಲ್ಲೇ ಓಡಾಡುತ್ತದೆ. ಟೆಕ್ಸಸ್ ಬಿಸಿಲಿನ ನಾಡು. ನೆಲಮಾಳಿಗೆಯಿಲ್ಲ, ಕಾಂಕ್ರೀಟ್ ಹಾಸಿನ ಮೇಲೆ ಮನೆ, ಪೈಪು ಎಷ್ಟೋ ಮನೆಗಳಲ್ಲಿ ಸೂರಿನ ಮೇಲಿನ ಅಟ್ಟದಲ್ಲಿ ಹಾಯ್ದು ಗೋಡೆಯೊಳಗೆ ಇಳಿಯುತ್ತದೆ. ನೀರು ಕಾಯಿಸುವ ದೊಡ್ಡ ಟ್ಯಾಂಕೂ ಅಟ್ಟದಲ್ಲೇ ಕೂತಿರುವುದುಂಟು. ಆ ಅಟ್ಟಕ್ಕೆ ಮನೆಯ ಹೀಟರಿನ ಬಿಸಿ ತಲುಪುವುದಿಲ್ಲ. ನಗಬೇಡಿ, ನಮ್ಮದೂ ಅದೇ ಬಾಳು. ಹೊರಗೋಡೆಯ ಮೇಲೆ ಬತ್ತಲೆ ಪೈಪು, ತಾರಸಿಯ ಮೇಲೆ ಕಪ್ಪು ಸಿಂಟೆಕ್ಸ್ ಟ್ಯಾಂಕು. ಬೆಂಗಳೂರಿನ ದಾಖಲೆಯ ಚಳಿ ಎಂದರೆ 1884ರ ಜನವರಿ 13ರ 7.8 ಡಿಗ್ರಿ. ನೀರು ಹೆಪ್ಪುಗಟ್ಟಲು ಅಲ್ಲಿಂದ ಇನ್ನೂ ಎಂಟು ಮೆಟ್ಟಿಲು ಇಳಿಯಬೇಕು. ಅಂಥ ಭಯವಿಲ್ಲದ ಊರಿನ ಪ್ಲಂಬರು ಪೈಪಿಗೆ ಕಂಬಳಿ ಯಾಕೆ ಹೊದಿಸಿಯಾನು?

ಟೆಕ್ಸಸ್ಸಿನ ಆ ಧೈರ್ಯ ಸೋತದ್ದು 2021ರ ಫೆಬ್ರುವರಿಯಲ್ಲಿ. 15ರ ನಸುಕಿನಿಂದ ಕರೆಂಟು ಹೋಗತೊಡಗಿತು. ಸುಮಾರು 45 ಲಕ್ಷ ಮನೆ, ಮಳಿಗೆಗಳು ಕತ್ತಲಾದವು. 16ರಂದು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ನನ್ನ ತಂಗಿಯ ಸಂಸಾರ ಆಗ ಡಲ್ಲಾಸ್ ಪಕ್ಕದ ಅರ್ವಿಂಗಿನಲ್ಲಿತ್ತು. ಮೂರು ದಿನ ಒಂದೇ ಕೋಣೆಯಲ್ಲಿ ನಾಲ್ಕೂ ಜನ ಇದ್ದಬದ್ದ ರಜಾಯಿ ಹೊದ್ದು ಕೂತಿದ್ದರು. ನಲ್ಲಿ ತಿರುಗಿಸಿದರೆ ನೀರಿಲ್ಲ. ನೀರು ನಿಂತಿದೆ ಎಂದುಕೊಂಡರೇ ಹೊರತು ಪೈಪಿನೊಳಗೆ ಬಿರಡೆ ಕೂತಿದೆ ಎಂದು ಹೊಳೆಯಲಿಲ್ಲ. ಕೊನೆಗೂ ಬಿಸಿಲು ಬಂತು. ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ಮೈಸೂರಿನಲ್ಲಿ ರಾತ್ರಿ ಒಂದೂವರೆಗೆ ಫೋನು: "ಅಣ್ಣಾ, ಮೇಲ್ಗಡೆ ಯಾರೋ ಕೊಡ ಸುರಿದ ಹಾಗೆ ಸದ್ದು."

ಒಡೆದ ಪೈಪು ಚಳಿಯಲ್ಲಿ ಸುಮ್ಮನಿರುತ್ತದೆ, ನೋಡಿ. ಸೀಳಿನ ಹಿಂದೆ ಮಂಜಿನ ಬಿರಡೆಯೇ ಅಡ್ಡ ನಿಂತಿರುತ್ತದಲ್ಲ. ಅದು ಕರಗಿದಾಗಲೇ ಸೀಳು ಬಾಯಿ ಬಿಡುವುದು. ಹಾಲ್‌ನ ಸೂರಿನ ಜಿಪ್ಸಮ್ ಬೋರ್ಡು ಮೊದಲು ನೆನೆದು ಕಂದಾಯಿತಂತೆ, ಆಮೇಲೆ ಜೋಳಿಗೆಯ ಹಾಗೆ ಕೆಳಗೆ ಜೋತುಬಿತ್ತು, ಆಮೇಲೆ ಒಮ್ಮೆಲೇ ಬೋರ್ಡು, ನೀರು, ಅಟ್ಟದಲ್ಲಿ ಹಾಸಿದ್ದ ಹತ್ತಿಯಂಥ ಪದಾರ್ಥ ಎಲ್ಲ ಸೋಫಾದ ಮೇಲೆ. ಭಾವ ಹೊರಗೆ ಅಂಗಳದಲ್ಲಿ ಹಿಮ ಕೆದಕುತ್ತಿದ್ದರು. ಇಡೀ ಮನೆಯ ನೀರು ನಿಲ್ಲಿಸುವ ವಾಲ್ವು ಹುಲ್ಲಿನೊಳಗಿನ ಒಂದು ಮುಚ್ಚಳದ ಕೆಳಗಿದೆ ಎನ್ನುವುದಷ್ಟೇ ಅವರಿಗೆ ಗೊತ್ತು. ಎಂಟು ವರ್ಷ ಆ ಮನೆಯಲ್ಲಿದ್ದರೂ ಮುಚ್ಚಳ ಯಾವ ಮೂಲೆಯಲ್ಲಿದೆ ಎಂದು ನೋಡಿರಲಿಲ್ಲ. ಸಿಕ್ಕಿದ ಮೇಲೆ ಅದನ್ನು ತಿರುಗಿಸುವ ಕೀಲಿ ಪಕ್ಕದ ಮನೆಯಲ್ಲಿತ್ತು. ಅಷ್ಟರಲ್ಲಿ ಇಪ್ಪತ್ತು ನಿಮಿಷ. ಆಮೇಲೆ ತಂಗಿ ಕಳಿಸಿದ ಫೋಟೋದಲ್ಲಿ ಸೀಳು ಕಂಡಿತು. ತಾಮ್ರದ ಪೈಪು ಹೆಬ್ಬೆರಳುದ್ದ ಬಿರಿದು, ಮೀನು ಬಾಯಿ ತೆರೆದ ಹಾಗೆ ತುಟಿ ಮೇಲೆದ್ದಿತ್ತು. ಅಷ್ಟು ಸಣ್ಣದು ಅಷ್ಟು ದೊಡ್ಡ ಹಾಲ್ ಹಾಳುಮಾಡಿತು ಎಂದರೆ ನಂಬಿಕೆ ಬರುವುದಿಲ್ಲ.

ನೀರು ಪೋಲಾಗುವ ನಿಮ್ಮ ಸಂಕಟಕ್ಕೆ ಅದೇ ವಾರ ಇನ್ನೊಂದು ಬಗೆಯ ಸಮರ್ಥನೆಯೂ ಸಿಕ್ಕಿತು. ಊರಿಗೆ ಊರೇ ನಲ್ಲಿ ಬಿಟ್ಟು ಕೂತು, ಒಡೆದ ಪೈಪುಗಳೂ ಸುರಿದು, ನೀರು ಸರಬರಾಜಿನ ಒತ್ತಡ ಕುಸಿಯಿತು. ಹ್ಯೂಸ್ಟನ್ ನಗರಾಡಳಿತ ದಯವಿಟ್ಟು ಪೈಪು ಉಳಿಸಲೆಂದು ನೀರು ಹರಿಸಬೇಡಿ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು, ಆಸ್ಪತ್ರೆಗೂ ಬೆಂಕಿ ಆರಿಸುವವರಿಗೂ ನೀರು ಬೇಕಲ್ಲ. ಕುಡಿಯುವ ನೀರನ್ನು ಕಾಯಿಸಿಯೇ ಕುಡಿಯಿರಿ ಎಂಬ ಸೂಚನೆ ಊರೂರಿಗೆ ಹೋಯಿತು. ಹಾಗಾಗಿ ಧಾರೆ ಬೇಡ, ಹನಿ ಸಾಕು. ಕೆಳಗೊಂದು ಬಕೆಟ್ ಇಡಿ. ಬೆಳಗ್ಗೆ ಆ ನೀರು ನೆಲ ಒರೆಸಲು, ಫ್ಲಶ್ಶಿಗೆ ಆಯಿತು. ಮಗಳು ನಕ್ಕರೆ ನಗಲಿ.

ಹನಿ ಬಿಡುವುದೂ ಬೇಡವಾದರೆ, ಇಲ್ಲವೇ ಕರೆಂಟು ಹೋಗಿ ಮನೆ ತಣ್ಣಗಾಗುತ್ತಿದ್ದರೆ, ನನ್ನ ಮಟ್ಟಿಗೆ ಅತ್ಯುತ್ತಮ ಉಪಾಯ ಮೇನ್ ವಾಲ್ವ್ ಬಂದ್ ಮಾಡಿ ಎಲ್ಲ ನಲ್ಲಿಗಳನ್ನೂ ತೆರೆದು ಪೈಪು ಬಸಿಯುವುದು. ಮೇಲಿನ ಮಹಡಿಯದು ಮೊದಲು ತೆರೆಯಿರಿ, ಕೆಳಗಿನದು ಆಮೇಲೆ. ಗಾಳಿ ಒಳಹೋದರೆ ನೀರು ಸಲೀಸಾಗಿ ಇಳಿಯುತ್ತದೆ. ಪೈಪಿನಲ್ಲಿ ನೀರೇ ಇಲ್ಲದಿದ್ದರೆ ಚಳಿ ಯಾವುದನ್ನು ಹಿಗ್ಗಿಸೀತು? ನೀರು ಕಾಯಿಸುವ ಟ್ಯಾಂಕಿನ ಗ್ಯಾಸು ಅಥವಾ ಕರೆಂಟನ್ನು ಮಾತ್ರ ಮೊದಲೇ ಆರಿಸಿರಬೇಕು. ನೀರಿಲ್ಲದ ಹಂಡೆಯ ಕೆಳಗೆ ಉರಿ ಹಾಕಬಾರದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಸಿಗುವ ಸಾಮಾನಿನ ಬಗ್ಗೆ ಎರಡು ಮಾತು. ಪೈಪಿಗೆ ತೊಡಿಸುವ ಸ್ಪಂಜಿನ ತೋಳು ಅಗ್ಗ, ಹಾಕಿಸಿ. ಆದರೆ ಅದರಿಂದ ಬಿಸಿ ಹುಟ್ಟುವುದಿಲ್ಲ. ಮನುಷ್ಯ ಕಂಬಳಿ ಹೊದ್ದರೆ ಬೆಚ್ಚಗಾಗುತ್ತಾನೆ, ಕಲ್ಲಿಗೆ ಹೊದಿಸಿದರೆ ಕಲ್ಲು ಬೆಚ್ಚಗಾದೀತೆ? ಒಳಗೆ ಬಿಸಿ ಇದ್ದರೆ ತೋಳು ಅದನ್ನು ಕಾಯುತ್ತದೆ, ಇಲ್ಲದಿದ್ದರೆ ಹೆಪ್ಪುಗಟ್ಟುವುದನ್ನು ಕೆಲವು ಗಂಟೆ ಮುಂದೂಡುತ್ತದೆ, ಅಷ್ಟೆ. ಪೈಪಿಗೆ ಸುತ್ತುವ ಕರೆಂಟಿನ ಪಟ್ಟಿಯೂ ಸಿಗುತ್ತದೆ. ಅದು ಬಿಸಿ ಕೊಡುತ್ತದೆ ನಿಜ, ಕರೆಂಟು ಇರುವ ತನಕ. ಹಳತಾಗಿ ಸವೆದ ಪಟ್ಟಿಯಿಂದ ಬೆಂಕಿ ಹತ್ತುವ ಅಪಾಯವೂ ಇದೆ. ಅಂಗಳದ ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪನ್ನು ಚಳಿಗಾಲದಲ್ಲಿ ಬಿಚ್ಚಿಡಲೇಬೇಕು. ಕೆಲವು ಹೊಸ ನಲ್ಲಿಗಳ ಒಳಗಿನ ವಾಲ್ವು ಒಂದಡಿಯಷ್ಟು ಹಿಂದೆ, ಬೆಚ್ಚಗಿರುವ ಗೋಡೆಯೊಳಗೆ ಕೂತಿರುತ್ತದೆ, ಬಂದ್ ಮಾಡಿದಾಗ ಮುಂದಿನ ನೀರು ತಾನೇ ಬಸಿದುಹೋಗಲಿ ಎಂದು. ರಬ್ಬರ್ ಪೈಪು ಅಲ್ಲೇ ಇದ್ದರೆ ನೀರು ಬಸಿಯುವುದಿಲ್ಲ, ಜಾಣತನವೆಲ್ಲ ನೀರುಪಾಲು. ಈಚಿನ ಮನೆಗಳಲ್ಲಿ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ಇರುತ್ತದೆ. ಅದು ಸ್ವಲ್ಪ ಹಿಗ್ಗಿ ತಾಳಿಕೊಳ್ಳುತ್ತದೆ, ಒಡೆದರೆ ಸಾಮಾನ್ಯವಾಗಿ ಜಾಯಿಂಟಿನಲ್ಲಿ. ಸಿಪಿವಿಸಿ ಹಾಗಲ್ಲ, ಚಳಿಯಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ.

ಡಿಸೆಂಬರ್ ರಜೆಗೆ ಊರಿಗೆ ಬರುವ ನಮ್ಮ ಹುಡುಗರಿಗೂ ಇದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಬಿಲ್ಲು ಉಳಿಸಲು ಹೀಟರ್ ಆರಿಸಿ ವಿಮಾನ ಹತ್ತಬೇಡಿ. 55 ಫ್ಯಾರನ್‌ಹೀಟ್, ಅಂದರೆ 13 ಡಿಗ್ರಿಗೆ ಇಟ್ಟು, ಮೇನ್ ವಾಲ್ವ್ ಬಂದ್ ಮಾಡಿ ಬನ್ನಿ. ಖಾಲಿ ಮನೆಯಲ್ಲಿ ಸೀಳಿದ ಪೈಪಿಗೆ ಒಂದು ತಿಂಗಳ ಪುರಸೊತ್ತು ಸಿಕ್ಕರೆ ಏನಾಗುತ್ತದೆಂದು ಊಹಿಸಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಬೆಳಗ್ಗೆ ಒಂದು ನಲ್ಲಿಯಲ್ಲಿ ನೀರು ಬರದಿದ್ದರೆ, ಆ ನಲ್ಲಿ ತೆರೆದೇ ಇರಲಿ. ಕೂದಲು ಒಣಗಿಸುವ ಡ್ರೈಯರ್ ಹಿಡಿದು ನಲ್ಲಿಯ ಕಡೆಯಿಂದ ಶುರುಮಾಡಿ ಹಿಂದಕ್ಕೆ, ಹೆಪ್ಪುಗಟ್ಟಿದ ಜಾಗದ ಕಡೆಗೆ ಹೋಗಬೇಕು. ನಡುವಿನಿಂದ ಕರಗಿಸಿದರೆ ಬಿಸಿ ನೀರೂ ಆವಿಯೂ ಎರಡು ಬಿರಡೆಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತವೆ. ಡ್ರೈಯರ್ ಇಲ್ಲದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿ, ಬಾಣಂತಿಗೆ ಶಾಖ ಕೊಡುವ ನಿಮ್ಮ ಕೈಗೆ ಅದು ಹೊಸದೇನಲ್ಲ. ಬೆಂಕಿ ಮಾತ್ರ ಬೇಡ. ಶ್ರೀನಗರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ 'ಚಿಲ್ಲಾಯ್ ಕಲಾನ್' ಎಂಬ ಕಡುಚಳಿ. ಆಗ ಬೆಳಗಾದರೆ ಬೀದಿಯ ನಲ್ಲಿಗೆ ಕಾಗದ ಹೊತ್ತಿಸಿ ಕರಗಿಸುವ ಫೋಟೋ ಪೇಪರಿನಲ್ಲಿ ಬರುತ್ತಿರುತ್ತದೆ. ಅದು ಬಯಲಿನಲ್ಲಿ ನಿಂತ ಕಬ್ಬಿಣದ ನಲ್ಲಿ. ನಿಮ್ಮ ಮಗಳದು ಮರದ ಚೌಕಟ್ಟಿನ ಮನೆ, ಗೋಡೆಯೊಳಗೆ ಕಿಡಿ ಹೊಕ್ಕರೆ ಹೊರಗಿನವರಿಗೆ ಕಾಣುವುದೂ ಇಲ್ಲ.

ನಾಳೆ ಬೆಳಕಿರುವಾಗ ಅಳಿಯಂದಿರನ್ನು ಕರೆದುಕೊಂಡು ಅಂಗಳಕ್ಕೆ ಹೋಗಿ, ಆ ಮುಚ್ಚಳ ಎಲ್ಲಿದೆ ತೋರಿಸಿ ಎನ್ನಿ. ಫುಟ್‌ಪಾತಿನ ಪಕ್ಕ, ಹುಲ್ಲಿನ ಮಟ್ಟಕ್ಕೆ ಇರುತ್ತದೆ. ಕೀಲಿಯನ್ನು ಬಾಗಿಲ ಹಿಂದೆ ಮೊಳೆಗೆ ನೇತುಹಾಕಿಸಿ. ಮುಚ್ಚಳ ಎತ್ತಿದ ಕೂಡಲೇ ಕೈ ಹಾಕಬೇಡಿ, ಮೊದಲು ಟಾರ್ಚ್ ಬಿಟ್ಟು ನೋಡಿ. ಟೆಕ್ಸಸ್ಸಿನ ಕೆಂಪಿರುವೆ, ಜೇಡಗಳಿಗೆ ಆ ಗುಂಡಿ ಬಹಳ ಇಷ್ಟದ ಜಾಗ.